ಅಜ್ಜನ ದಮ್ಮು, ಮಗಳ ಕೊಡೆ

“ಮನೆಯಲ್ಲಿ ಬೇರೆ ಯಾರಿಗಾದರೂ ದಮ್ಮು, ಅಲರ್ಜಿ ಉಂಟಾ?” ಎಂದು ಮಣಿಪಾಲದ ಡಾಕ್ಟರು ಕೇಳಿದ್ದೇ ತಡ, ನಾನು ಶುರುಮಾಡಿದೆ. ಎಂಟು ವರ್ಷದ ಮಗಳಿಗೆ ಬೆಳಗ್ಗೆ ಎದ್ದರೆ ಸೀನು ನಿಲ್ಲುತ್ತಿರಲಿಲ್ಲ. ನನ್ನ ಅಪ್ಪನಿಗೆ ದಮ್ಮು, ಅತ್ತೆಗೆ ಸಿಗಡಿ ತಿಂದರೆ ತುರಿಕೆ, ಗಂಡನಿಗೆ ಹಲಸಿನಹಣ್ಣಿನ ವಾಸನೆಗೇ ತಲೆನೋವು. ಡಾಕ್ಟರು ಒಂದನ್ನೂ ಬಿಡದೆ ಬರೆದುಕೊಂಡರು. ನಾನು ಸೋದರಮಾವನ ಇಸಬಿಗೆ ಬರುವಷ್ಟರಲ್ಲಿ ಮಗಳು ನನ್ನ ಶಾಲು ಎಳೆದಳು.

“ಅಮ್ಮ, ನನ್ನನ್ನು ದತ್ತು ತಕ್ಕೊಂಡದ್ದು ಅಲ್ವಾ? ಅದೆಲ್ಲ ನನಗೆ ಬರುವುದಿಲ್ಲ.” ಮತ್ತೆ ಡಾಕ್ಟರ ಕಡೆ ತಿರುಗಿ, “ಪಾಪ, ಅಮ್ಮನಿಗೆ ಮರೆತುಹೋಗ್ತದೆ” ಎಂದಳು.

ಹತ್ತು ತಿಂಗಳ ಮಗುವಾಗಿದ್ದಾಗ ನಮ್ಮ ಮನೆಗೆ ಬಂದವಳು ಅವಳು. ಅದು ಅವಳಿಗೂ ಗೊತ್ತು, ಊರಿಗೂ ಗೊತ್ತು. ಆ ಗಳಿಗೆಯಲ್ಲಿ ಮರೆತವಳು ನಾನೊಬ್ಬಳೇ. ಡಾಕ್ಟರು ಒಂದೇ ಗೀಟು ಎಳೆದು ನಮ್ಮ ಇಡೀ ಮನೆತನವನ್ನು ಹೊಡೆದುಹಾಕಿದರು.

ಕಾಪುವಿನಲ್ಲಿ ಬಸ್ಸಿಳಿದು ನೋಡಿದರೆ ಮಗಳ ಕೊಡೆ ಡಾಕ್ಟರ ಕೋಣೆಯಲ್ಲೇ ಬಾಕಿಯಾಗಿತ್ತು. ಇಬ್ಬರೂ ಮಳೆಯಲ್ಲಿ ನೆನೆಯುತ್ತ ಮನೆಗೆ ನಡೆದೆವು. ನಾನು ಬೈಯಲಿಲ್ಲ. ಮರೆವೊಂದಾದರೂ ನನ್ನಿಂದ ಅವಳಿಗೆ ಬಂತಲ್ಲ.