ಬೆಟ್ಟಣ್ಣನ ಪಾಸ್‌ವರ್ಡ್

ಬೆಟ್ಟದಪುರದ ರೇಣುಕಾಪ್ರಸಾದನಿಗೆ ಮದುವೆ ಗೊತ್ತಾದ ವರ್ಷವೇ ಅವನು ಬ್ಯಾರನ್ನಿನಲ್ಲಿ ಬಿದ್ದ. ಹೊಗೆಸೊಪ್ಪು ಬೇಯಿಸುವ ಆ ಎತ್ತರದ ಮನೆಯೊಳಗೆ ಅಡ್ಡ ಕಟ್ಟಿದ ಬಿದಿರಿನ ಗಳುಗಳ ಮೇಲೆ ಕಾಲೂರಿ ನಿಂತು, ಕೆಳಗಿನವರು ಕೊಡುವ ಸೊಪ್ಪು ಕಟ್ಟಿದ ಕಡ್ಡಿಗಳನ್ನು ಮೇಲೆ ಜೋಡಿಸುವ ಕೆಲಸ ಅವನಿಗೆ ಹೊಸದಲ್ಲ. ಮೀಸೆ ಮೂಡುವ ಮೊದಲಿಂದ ಮಾಡಿಕೊಂಡು ಬಂದದ್ದು. ಅವತ್ತು ಕಾಲಡಿಯ ಗಳು ಮುರಿಯಿತು. ಬೆನ್ನು ಹೋಗಿ ಕೆಳಗಿನ ಕಬ್ಬಿಣದ ಕೊಳವೆಗೆ ಬಡಿಯಿತು. ಮೈಸೂರಿನ ಆಸ್ಪತ್ರೆಯಲ್ಲಿ ಎರಡು ಸಲ ಆಪರೇಷನ್ ಆದ ಮೇಲೂ ಸೊಂಟದಿಂದ ಕೆಳಗೆ ಮುಟ್ಟಿದರೆ ತಿಳಿಯುತ್ತಿರಲಿಲ್ಲ.

ಹುಡುಗಿಯ ಹೆಸರು ಕಾವ್ಯಶ್ರೀ. ಸಾಲಿಗ್ರಾಮದ ಕಡೆಯವಳು. ನಿಶ್ಚಿತಾರ್ಥವಾದ ಮೇಲೆ ಇಬ್ಬರೂ ದಿನಾ ಸಂಜೆ ಫೋನಿನಲ್ಲಿ ಮಾತಾಡುತ್ತಿದ್ದರು. ದೊಡ್ಡ ಮಾತೇನಲ್ಲ. ಇವತ್ತು ಏನು ಸಾರು, ನಿಮ್ಮ ಕಡೆ ಮಳೆ ಬಂತಾ, ನಿಮ್ಮಮ್ಮನಿಗೆ ಮಂಡಿನೋವು ಹೇಗಿದೆ, ಇಂಥವು. ಅವಳಿಗೆ ಮಾತಿನ ಕೊನೆಯಲ್ಲಿ ಸಣ್ಣಗೆ ನಗುವ ಅಭ್ಯಾಸವಿತ್ತು. ಅವನು ಬಿದ್ದ ಮೇಲೆ ಅವಳ ತಂದೆ ಒಂದು ದಿನ ಬೆಟ್ಟದಪುರಕ್ಕೆ ಬಂದರು. ಕಾಫಿ ಲೋಟ ಹಿಡಿದು ಜಗಲಿಯ ಮೇಲೆ ಕೂತರು. ಕೊನೆಗೆ ರೇಣುಕಾಪ್ರಸಾದನ ತಾಯಿ ಪುಟ್ಟಮಲ್ಲಮ್ಮನೇ ಹೇಳಿದಳು.

"ನಿಮ್ಮ ಮಗೀನ ಬೇರೆ ಕಡೆ ಕೊಡಿ ಕಣ್ರೀ. ನಮಗೇನೂ ಬೇಜಾರಿಲ್ಲ."

ಅವರು ಕಣ್ಣೊರೆಸಿಕೊಂಡು ಎದ್ದು ಹೋದರು. ಒಳಗೆ ಮಂಚದ ಮೇಲಿದ್ದ ರೇಣುಕಾಪ್ರಸಾದನಿಗೆ ಎಲ್ಲ ಕೇಳಿಸಿತ್ತು. ತಾಯಿ ಸರಿಯಾಗಿಯೇ ಹೇಳಿದಳು ಅನ್ನಿಸಿತು. ಮರುವರ್ಷ ಕಾವ್ಯಶ್ರೀಯ ಮದುವೆಯಾಯಿತು ಎಂದು ಯಾರೋ ಹೇಳಿದರು. ಯಾವೂರಿಗೆ, ಯಾರಿಗೆ ಅಂತ ಅವನು ಕೇಳಲಿಲ್ಲ.

ಫೋನಿನ ಆಟ ಶುರುವಾದದ್ದು ಆಸ್ಪತ್ರೆಯಲ್ಲಿ. ಪಕ್ಕದ ಹಾಸಿಗೆಯ ರೋಗಿಯ ತಮ್ಮ, ಹೊತ್ತು ಹೋಗಲಿ ಅಂತ, ಅವನ ಫೋನಿಗೆ ಹಾಕಿಕೊಟ್ಟ. ನಾಲ್ಕು ಜನ ಒಂದು ಗುಂಪಾಗಿ ಆಡುವ ಆಟ. ಒಂದು ದ್ವೀಪಕ್ಕೆ ಆಕಾಶದಿಂದ ಇಳಿಯಬೇಕು, ಓಡಬೇಕು, ಅಡಗಬೇಕು, ಉಳಿದ ಗುಂಪುಗಳನ್ನು ಹೊಡೆದು ಕೊನೆಯವರೆಗೆ ಉಳಿಯಬೇಕು. ಖಾತೆ ತೆರೆಯುವಾಗ ಪಾಸ್‌ವರ್ಡ್ ಕೇಳಿತು. ಆಗಿನ್ನೂ ಕಾವ್ಯಶ್ರೀಯ ತಂದೆ ಬಂದುಹೋಗಿರಲಿಲ್ಲ. ಅವನು ಅವಳ ಹೆಸರು, ಅದಕ್ಕೆ ಅಂಟಿಸಿ ತನ್ನ ಹೆಸರು, ಕೊನೆಗೆ ಕಾರ್ತೀಕದಲ್ಲಿ ಗೊತ್ತಾಗಿದ್ದ ಮದುವೆಯ ತಾರೀಕು ಒತ್ತಿದ. ಆಮೇಲೆ ಅದನ್ನು ಮತ್ತೆ ಒತ್ತುವ ಪ್ರಮೇಯವೇ ಬರಲಿಲ್ಲ. ಫೋನು ತಾನೇ ನೆನಪಿಟ್ಟುಕೊಂಡಿತು.

ವರ್ಷಗಳು ಕಳೆದವು. ಆಟದಲ್ಲಿ ಅವನ ಹೆಸರು ಬರೀ 'ಬೆಟ್ಟ'. ಚೆನ್ನಾಗಿ ಆಡುತ್ತಿದ್ದ. ಅದಕ್ಕಿಂತ ಹೆಚ್ಚಾಗಿ, ಗುಂಪನ್ನು ಚೆನ್ನಾಗಿ ಕರೆದುಕೊಂಡು ಹೋಗುತ್ತಿದ್ದ. ಯಾರಾದರೂ ಏಟು ತಿಂದು ಬಿದ್ದರೆ ಅವರನ್ನು ಬಿಟ್ಟು ಓಡುತ್ತಿರಲಿಲ್ಲ. ಹಾಗೆ ಅವನ ಜೊತೆ ನಿಂತವರು ಮೂವರು: ಹುಣಸೂರು ಬಸ್ ಸ್ಟ್ಯಾಂಡ್ ಹತ್ತಿರ ಮೊಬೈಲ್ ಅಂಗಡಿ ಇಟ್ಟಿದ್ದ ಶಶಿ, ಎಚ್.ಡಿ. ಕೋಟೆಯಲ್ಲಿ ನರ್ಸ್ ಕೆಲಸ ಮಾಡುತ್ತಿದ್ದ ಬೃಂದಾ, ಕೃಷ್ಣರಾಜನಗರದಲ್ಲಿ ಬೀಜ-ಗೊಬ್ಬರದ ಅಂಗಡಿಯ ಚನ್ನಬಸವಣ್ಣ. ದಿನಾ ಸಂಜೆ ನಾಲ್ಕೂ ಜನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮಾತಾಡುತ್ತಾ ಆಡುತ್ತಿದ್ದರು. ಒಬ್ಬರನ್ನೊಬ್ಬರು ನೋಡಿರಲಿಲ್ಲ. ಎಲ್ಲರೂ ಅವನನ್ನು ಬೆಟ್ಟಣ್ಣ ಅನ್ನುತ್ತಿದ್ದರು. ಅವನು ನಡೆಯಲಾರದವನು ಅನ್ನುವುದು ಯಾರಿಗೂ ತಿಳಿದಿರಲಿಲ್ಲ. ಅವನು ಮುಚ್ಚಿಟ್ಟದ್ದೂ ಅಲ್ಲ, ಯಾರೂ ಕೇಳಿರಲಿಲ್ಲ.

ಒಂದು ಸಂಜೆ ಆಟದ ನಡುವೆ ಚನ್ನಬಸವಣ್ಣ ಮೈಕ್ ಆರಿಸದೆ ಮನೆಯೊಳಗೆ ತಿರುಗಿ, "ಕಾವ್ಯಾ, ಒಂಚೂರು ಕಾಫಿ" ಅಂದ. ಅಡುಗೆಮನೆಯಿಂದ ಒಂದು ಹೆಣ್ಣುದನಿ, ಹಾಲು ಇನ್ನೂ ಕಾಯಬೇಕು, ತಡೀರಿ ಅಂತೇನೋ ಹೇಳಿ ಸಣ್ಣಗೆ ನಕ್ಕಿತು. ರೇಣುಕಾಪ್ರಸಾದನ ಕೈಯಿಂದ ಫೋನು ಎದೆಯ ಮೇಲೆ ಬಿತ್ತು. ದ್ವೀಪದಲ್ಲಿ ಅವನು ಬಯಲಲ್ಲಿ ನಿಂತುಬಿಟ್ಟ. ಗುಂಡು ಬಂದು ಬಡಿಯಿತು. ಏನಾಯ್ತಣ್ಣ ಅಂತ ಎಲ್ಲರೂ ಕೇಳಿದರು. ನೆಟ್‌ವರ್ಕ್ ಹೋಯ್ತು ಅಂದ.

ಮಾರನೆಯ ದಿನ ಗುಂಪು ಬಿಡಬೇಕು ಅಂದುಕೊಂಡ. ಬಿಡಲಿಲ್ಲ. ಚನ್ನಬಸವಣ್ಣ ಒಳ್ಳೆಯವನು, ಆಟದಲ್ಲಿ ನಂಬಿಕಸ್ಥ. ಬಿಡಲು ಏನು ಕಾರಣ ಹೇಳುವುದು? ಕಾವ್ಯಶ್ರೀಯ ಬಗ್ಗೆ ಅವನು ಒಂದು ಮಾತೂ ಕೇಳಲಿಲ್ಲ, ಅವಳ ನಂಬರು ಹುಡುಕಲಿಲ್ಲ. ಆದರೆ ಆಟ ಮುಗಿದ ಮೇಲೆ ಉಳಿದವರಂತೆ ತಕ್ಷಣ ಹೊರಗೆ ಬರುತ್ತಿರಲಿಲ್ಲ. ಚನ್ನಬಸವಣ್ಣನ ಮೈಕ್ ಇನ್ನೂ ತೆರೆದಿದ್ದರೆ ಸ್ವಲ್ಪ ಹೊತ್ತು ಹಾಗೆಯೇ ಇರುತ್ತಿದ್ದ. ಕುಕ್ಕರ್ ಕೂಗುವುದು, ಯಾರೋ ಬಾಗಿಲು ಹಾಕುವುದು, ಎಂದಾದರೊಮ್ಮೆ ಆ ದನಿ. ಹೀಗೆ ಎರಡು ವರ್ಷವಾಗಿರಬಹುದು.

ಆಟದ ಕಂಪನಿಯ ಕಂಪ್ಯೂಟರಿಗೆ ಯಾರೋ ಕನ್ನ ಹಾಕಿದರು ಎಂಬ ಸುದ್ದಿ ಬಂದದ್ದು ಈಚೆಗೆ. ಲಕ್ಷಾಂತರ ಜನರ ಹೆಸರು, ಫೋನ್ ನಂಬರು, ಪಾಸ್‌ವರ್ಡ್ ಎಲ್ಲ ಹೊರಗೆ ಬಿದ್ದಿತ್ತು. ಕಂಪನಿಯವರು ಎರಡು ಸಾಲು ವಿಷಾದ ತಿಳಿಸಿ ಪಾಸ್‌ವರ್ಡ್ ಬದಲಿಸಿ ಅಂದರು. ಶಶಿಯ ಅಂಗಡಿಯಲ್ಲಿ ಆಟದವರ ಜಾತ್ರೆಯೇ ನೆರೆಯಿತು. ಬಿಳಿಕೆರೆಯಿಂದ ಬಂದ ಒಬ್ಬನ ಖಾತೆಯೊಳಗೆ ಯಾರೋ ನುಗ್ಗಿ, ಅವನು ವರ್ಷಗಟ್ಟಲೆ ಕೂಡಿಸಿಟ್ಟಿದ್ದ ಬಂದೂಕು, ಬಟ್ಟೆ ಎಲ್ಲ ಬೇರೆಯವರಿಗೆ ಹಂಚಿದ್ದರು. ಇನ್ನೊಬ್ಬ ಒಂದೇ ಪಾಸ್‌ವರ್ಡನ್ನು ಎಲ್ಲದಕ್ಕೂ ಇಟ್ಟಿದ್ದ, ಈಗ ಅವನ ಇಮೇಲೂ ಅವನಿಗೆ ತೆರೆಯುತ್ತಿರಲಿಲ್ಲ. ನಾನೇ ನಾನು ಅಂತ ಹೇಗೆ ತೋರಿಸಲಿ ಅಂತ ಅವನು ಶಶಿಯನ್ನು ಕೇಳುತ್ತಿದ್ದ.

ಯಾರೋ ಶಶಿಗೆ ಆ ಸೋರಿದ ಫೈಲನ್ನೇ ಕಳಿಸಿದ್ದರು. ನಂಬರು ಹಾಕಿ ಹುಡುಕಿದರೆ ಪಾಸ್‌ವರ್ಡ್ ಸಿಗುತ್ತಿತ್ತು. ಬೇರೆ ಗುಂಪುಗಳಲ್ಲಿ ಇದು ಆಗಲೇ ತಮಾಷೆಯಾಗಿತ್ತು. ಯಾರು ಏನು ಇಟ್ಟುಕೊಂಡಿದ್ದರು ಅಂತ ಓದಿ ನಗುವುದು. ಅವತ್ತು ಸಂಜೆ ನಾಲ್ಕೂ ಜನ ಸೇರಿದಾಗ ಶಶಿಯೂ ಅದನ್ನೇ ಶುರುಮಾಡಿದ. ಮೊದಲು ತನ್ನದನ್ನೇ ಓದಿದ, ಅಂಗಡಿಯ ಹೆಸರು ತಿರುಗುಮುರುಗು. ಚನ್ನಬಸವಣ್ಣನದು ಟ್ರ್ಯಾಕ್ಟರಿನ ನಂಬರು. ಬೃಂದಾ, ನಂದು ಓದಬೇಡ, ಯಾರದನ್ನೂ ಓದಬೇಡ, ಸುಮ್ನೆ ಬದಲಾಯಿಸ್ಕೊಳ್ಳಿ ಸಾಕು ಅಂದಳು. ಅಷ್ಟರಲ್ಲಿ ಶಶಿ ಮುಂದಿನದಕ್ಕೆ ಹೋಗಿದ್ದ.

"ಬೆಟ್ಟಣ್ಣೋ, ಯಾರಣ್ಣ ಇದು? ಕಾವ್ಯಶ್ರೀ ರೇಣುಕ. ಆಮೇಲೆ ಒಂದು ತಾರೀಕು."

ಚನ್ನಬಸವಣ್ಣ ತಾರೀಕನ್ನು ಇನ್ನೊಂದು ಸಲ ಓದು ಅಂದ. ಶಶಿ ಓದಿದ. ಅವನ ದನಿಯಲ್ಲಿ ಆಗಲೇ ನಗು ಇರಲಿಲ್ಲ. ಏನೋ ಎಡವಟ್ಟಾಯಿತು ಅಂತ ಅವನಿಗೂ ತಿಳಿದಿತ್ತು, ಏನು ಅಂತ ತಿಳಿದಿರಲಿಲ್ಲ. ಚನ್ನಬಸವಣ್ಣ ಆಟದಿಂದ ಹೊರಟುಹೋದ.

ಹೆಂಡತಿಗೆ ಮೊದಲು ಬೆಟ್ಟದಪುರದಲ್ಲಿ ನಿಶ್ಚಿತಾರ್ಥವಾಗಿ ಕಾರ್ತೀಕದಲ್ಲಿ ಮದುವೆ ಗೊತ್ತಾಗಿತ್ತು, ಆ ಹುಡುಗ ಬ್ಯಾರನ್ನಿನಲ್ಲಿ ಬಿದ್ದ ಅನ್ನುವುದು ಚನ್ನಬಸವಣ್ಣನಿಗೆ ಗೊತ್ತಿತ್ತು. ಹಿರಿಯರು ಹೆಣ್ಣು ತೋರಿಸಿದ ದಿನವೇ ಹೇಳಿದ್ದರು. ಅವನು ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡವನೂ ಅಲ್ಲ. ಮರುದಿನ ಬೆಳಿಗ್ಗೆ ಅವನೇ ಫೋನ್ ಮಾಡಿದ.

"ನಾನು ಯಾರು ಅಂತ ನಿಮಗೆ ಗೊತ್ತಿತ್ತಾ?"

ರೇಣುಕಾಪ್ರಸಾದ ಇಲ್ಲ ಅನ್ನಬಹುದಿತ್ತು. ಪಾಸ್‌ವರ್ಡ್ ಹಳೆಯದು, ಆಗ ಅವಳು ನನಗೇ ಗೊತ್ತಾಗಿದ್ದವಳು, ಆಮೇಲೆ ಮರೆತೇಹೋಗಿತ್ತು ಅಂತ ಹೇಳಿದ್ದರೆ ಅದರಲ್ಲಿ ಸುಳ್ಳೂ ಇರುತ್ತಿರಲಿಲ್ಲ. ಆದರೆ ಕೇಳಿದ್ದು ಅದಲ್ಲ.

"ಗೊತ್ತಿತ್ತು," ಅಂದ.

ಆಮೇಲೆ ಕಾವ್ಯಶ್ರೀಗೆ ಇದೇನೂ ಗೊತ್ತಿಲ್ಲ ಅಂತ ಹೇಳಹೊರಟ. ಅಷ್ಟರಲ್ಲಿ ಲೈನ್ ಕಟ್ಟಾಗಿತ್ತು. ತಿರುಗಿ ಮಾಡಿದರೆ ಎತ್ತಲಿಲ್ಲ. ಮೆಸೇಜು ಹಾಕಿದರೆ ಹೋಗಲಿಲ್ಲ. ಆಟದಲ್ಲಿ ನೋಡಿದರೆ ಅವನ ಖಾತೆಯೇ ಇರಲಿಲ್ಲ. ರೇಣುಕಾಪ್ರಸಾದ ತನ್ನ ಪಾಸ್‌ವರ್ಡ್ ಬದಲಿಸಲು ಕೂತ. ಹೊಸದು ಏನು ಇಡಬೇಕು ತೋಚಲಿಲ್ಲ. ಫೋನೇ ಅರ್ಥವಿಲ್ಲದ ಅಕ್ಷರಗಳ ಒಂದು ಗೊಂಚಲು ತೋರಿಸಿತು. ಅದನ್ನೇ ಒತ್ತಿದ.

ವಾರವಾದ ಮೇಲೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಕಾವ್ಯಶ್ರೀ. ಪಕ್ಕದ ಮನೆಯವರ ಫೋನಿನಿಂದ ಮಾಡುತ್ತಿದ್ದೇನೆ ಅಂದಳು. ಅವನು ಬಿದ್ದ ಮೇಲೆ ಅವಳು ಮಾತಾಡಿದ್ದು ಅದೇ ಮೊದಲು. ಯಾಕೆ ಹೀಗೆ ಮಾಡಿದಿರಿ ಅಂತ ಕೇಳಲಿಲ್ಲ, ಬೈಯಲಿಲ್ಲ.

"ಅವರು ಏನೂ ಅನ್ನಲ್ಲ ಕಣ್ರೀ. ಅಂದಿದ್ರೆ ಚೆನ್ನಾಗಿರ್ತಿತ್ತು. ಊಟ ಮಾಡ್ತಾರೆ, ಅಂಗಡಿಗೆ ಹೋಗ್ತಾರೆ. ನಾನು ಅಡುಗೆಮನೇಲಿ ಮಾತಾಡಿದ್ರೆ ಎದ್ದು ಬಂದು ನೋಡ್ತಾರೆ."

ಅವನು ಕ್ಷಮಿಸಿ ಅಂದ. ಅವಳು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ.

"ನೀವೇ ಒಂದ್ಸಲ ಬಂದು, ಅವಳಿಗೇನೂ ಗೊತ್ತಿರಲಿಲ್ಲ ಅಂತ ಹೇಳಿ ಹೋಗಿ. ಇಲ್ಲೇ, ಬಸ್ ಹತ್ತಿದ್ರೆ..."

ಅಷ್ಟಕ್ಕೇ ನಿಲ್ಲಿಸಿದಳು. ಅವಳಿಗೆ ನೆನಪಾಗಿತ್ತು. ಬರುತ್ತೇನೆ ಅಂತ ಅವನೇ ಹೇಳಿದ.

ಶಶಿಗೆ ಎಲ್ಲ ಹೇಳಿದ, ಕಾಲಿನ ವಿಷಯವನ್ನೂ. ಶಶಿ, ಭಾನುವಾರ ಕಾರು ತಗೊಂಡು ಬತ್ತೀನಿ ಕಣಣ್ಣ ಅಂದ. ಬಂದ. ಬೆಟ್ಟಣ್ಣ ಅಂತ ಇಷ್ಟು ವರ್ಷ ಕರೆದವನನ್ನು ಮಂಚದ ಮೇಲೆ ನೋಡಿ, ಚಪ್ಪಲಿ ಬಿಡಲು ಬಗ್ಗಿದವನು ಸ್ವಲ್ಪ ಹೊತ್ತು ಬಗ್ಗಿಯೇ ಇದ್ದ. ಪುಟ್ಟಮಲ್ಲಮ್ಮನಿಗೆ ಮಗ ಸ್ನೇಹಿತರ ಮನೆಗೆ ಹೋಗುತ್ತಾನೆ ಅಂತಷ್ಟೇ ತಿಳಿಸಿದ್ದರು. ಅವಳು ಇಸ್ತ್ರಿ ಮಾಡಿದ ಅಂಗಿ ಹಾಕಿಸಿ, ವಿಭೂತಿ ಹಚ್ಚಿ ಕಳಿಸಿದಳು. ಅವನು ಆಸ್ಪತ್ರೆ ಬಿಟ್ಟು ಬೇರೆಡೆಗೆ ಹೊರಟದ್ದೇ ಅಪರೂಪ, ಅವಳಿಗೆ ಅದೊಂದು ಸಂತೋಷ.

ಚನ್ನಬಸವಣ್ಣನ ಅಂಗಡಿಗೆ ಎತ್ತರದ ಮೆಟ್ಟಿಲುಗಳಿದ್ದವು. ರೇಣುಕಾಪ್ರಸಾದ ಕಾರಿನಲ್ಲೇ ಉಳಿದ. ಶಶಿ ಒಳಗೆ ಹೋಗಿ ಹೇಳಿದ. ಚನ್ನಬಸವಣ್ಣ ಹೊರಗೆ ಬಂದ, ದಪ್ಪ ಮೈಯ, ಸಾಧು ಮುಖದ ಮನುಷ್ಯ. ಕಾರಿನ ಬಾಗಿಲು ತೆಗೆದು ಒಳಗೆ ನೋಡಿದ. ಅವನ ಕಣ್ಣು ಪಂಚೆಯ ಕೆಳಗಿನ ಸಣಕಲು ಕಾಲುಗಳ ಮೇಲೆ ಹೋಗಿ ಅಲ್ಲಿಂದ ಬೇಗ ಹಿಂದೆ ಬಂತು. ಬಿಸಿಲಿದೆ ಅಂತ ಎಳನೀರು ತರಿಸಿ ತಾನೇ ಕೈಗೆ ಕೊಟ್ಟ.

ರೇಣುಕಾಪ್ರಸಾದ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದನ್ನು ಹೇಳಿದ. ಆ ಪಾಸ್‌ವರ್ಡ್ ಯಾವಾಗಿನದು, ಯಾಕೆ ಹಾಗೇ ಉಳಿಯಿತು, ಕಾವ್ಯಶ್ರೀಗೆ ಇದು ಯಾವುದೂ ತಿಳಿಯದು, ಬಿದ್ದ ಮೇಲೆ ತಾನು ಒಂದು ಸಲವೂ ಅವಳ ಜೊತೆ ಮಾತಾಡಿಲ್ಲ. ಹೇಳುತ್ತಿದ್ದಾಗಲೇ ಪಕ್ಕದ ಮನೆಯ ಫೋನಿನ ಕರೆ ನೆನಪಾಯಿತು. ಅದನ್ನು ಹೇಳಿದರೆ ಅವಳಿಗೆ ಕಷ್ಟ, ಹೇಳದಿದ್ದರೆ ತನ್ನ ಮಾತು ಸುಳ್ಳು. ಹೇಳಲಿಲ್ಲ. ಚನ್ನಬಸವಣ್ಣ ಕಾರಿನ ಬಾಗಿಲು ಹಿಡಿದುಕೊಂಡು ಕೊನೆಯವರೆಗೂ ಕೇಳಿದ.

"ಅವಳನ್ನ ನಾನು ಅನುಮಾನಿಸ್ತಿಲ್ಲ," ಅಂದ. "ಆದ್ರೆ ನಮ್ಮನೇಲಿ ಅವಳು ಮಾತಾಡಿದ್ದನ್ನೆಲ್ಲ ನೀವು ಅಲ್ಲಿ ಮಲಗಿ ಕೇಳಿಸ್ಕೊಂಡಿದ್ರಿ. ಅದು ನನ್ನ ತಲೆಯಿಂದ ಹೋಗ್ತಿಲ್ಲ. ನಿಮ್ಮ ಮೇಲೆ ಚೆನ್ನಾಗಿ ಸಿಟ್ಟು ಮಾಡ್ಕೋಬೇಕು ಅಂತಿದ್ದೆ. ಈಗ ನಿಮ್ಮನ್ನ ನೋಡಿದ ಮೇಲೆ ಅದೂ ಆಗಲ್ಲ."

ಯೂರಿಯಾ ಕೇಳಲು ಬಂದ ರೈತರೊಬ್ಬರು ಮೆಟ್ಟಿಲ ಮೇಲೆ ನಿಂತು ಕರೆದರು. ಚನ್ನಬಸವಣ್ಣ ಹುಷಾರಾಗಿ ಹೋಗಿ ಅಂತ ಹೇಳಿ ಬಾಗಿಲು ಮೆಲ್ಲಗೆ ಹಾಕಿದ.

ವಾಪಸ್ಸು ಬರುವಾಗ ಶಶಿ, ಎಲ್ಲ ನನ್ನಿಂದಾನೇ ಆಯ್ತು ಅಣ್ಣ ಅಂತ ಅಳುವ ಹಾಗಾದ. ನೀನಲ್ಲದಿದ್ದರೆ ಇನ್ನೊಬ್ಬ ಓದುತ್ತಿದ್ದ ಬುಡು ಅಂತ ರೇಣುಕಾಪ್ರಸಾದ ಸಮಾಧಾನ ಹೇಳಿದ. ಆಮೇಲೆ, ಆ ಫೈಲಿನಿಂದ ಅವಳ ಹೆಸರೊಂದನ್ನಾದರೂ ತೆಗೆಸಲು ಬರುತ್ತದಾ ಅಂತ ಕೇಳಿದ. ಶಶಿ ಬಿಡಿಸಿ ಹೇಳಿದ: ಅದು ಒಂದು ಕಡೆ ಇಲ್ಲ, ಯಾರ‍್ಯಾರ ಫೋನಿನಲ್ಲೋ ಇದೆ, ಯಾವ ದೇಶದಲ್ಲೋ ಇದೆ, ಕೇಳುವುದಕ್ಕೂ ಯಾರೂ ಇಲ್ಲ. ಹುಣಸೂರು ದಾಟುವಾಗ ರೇಣುಕಾಪ್ರಸಾದ ಅದನ್ನೇ ಇನ್ನೊಂದು ಸಲ ಕೇಳಿದ. ಶಶಿ ಅಷ್ಟೇ ತಾಳ್ಮೆಯಿಂದ ಮತ್ತೆ ಹೇಳಿದ.

ಕಾವ್ಯಶ್ರೀ ಆಮೇಲೆ ಫೋನ್ ಮಾಡಲಿಲ್ಲ. ಅವನ ಮಾತಿನಿಂದ ಆ ಮನೆಯಲ್ಲಿ ಏನಾದರೂ ಸರಿಹೋಯಿತೋ, ಇನ್ನಷ್ಟು ಕೆಟ್ಟಿತೋ, ತಿಳಿಯುವ ದಾರಿ ಅವನಿಗಿರಲಿಲ್ಲ. ಕೇಳಿದರೆ ಅದೇ ಇನ್ನೊಂದು ತಪ್ಪಾಗುತ್ತಿತ್ತು. ಬೃಂದಾ ಮತ್ತು ಶಶಿ ಹೊಸ ಗುಂಪು ಮಾಡೋಣ ಅಂತ ಕರೆದರು. ಎರಡು ಸಂಜೆ ಆಡಿದ. ನಾಲ್ಕನೆಯವರಾಗಿ ಎಲ್ಲಿಂದಲೋ ಬಂದ ಅಪರಿಚಿತರ ಮೈಕಿನಿಂದ ಟೀವಿಯ ಸದ್ದು, ಮಕ್ಕಳ ಸದ್ದು ಕೇಳಿಸತೊಡಗಿದ ಕೂಡಲೇ ಅವನು ಇಯರ್‌ಫೋನ್ ಕಿತ್ತು ಬದಿಗಿಡುತ್ತಿದ್ದ. ಕಿವಿಯಿಲ್ಲದೆ ಆ ಆಟ ಆಡಲಾಗುವುದಿಲ್ಲ, ಹಿಂದಿನಿಂದ ಬರುವ ಹೆಜ್ಜೆ ಗೊತ್ತಾಗುವುದಿಲ್ಲ. ಮೂರನೆಯ ಸಂಜೆ ಅವರು ಕರೆದಾಗ ನೆಟ್‌ವರ್ಕ್ ಇಲ್ಲ ಅಂದ.

ಈಗ ಸಂಜೆಯಾದರೆ ಪುಟ್ಟಮಲ್ಲಮ್ಮ ಅವನನ್ನು ವೀಲ್‌ಚೇರಿನಲ್ಲಿ ಕೂರಿಸಿ ಜಗಲಿಗೆ ತಳ್ಳಿಕೊಂಡು ಬರುತ್ತಾಳೆ. ಯಾಕೋ ಮೊದಲಿನ ಹಾಗೆ ಫೋನಿನಲ್ಲಿ ಸ್ನೇಹಿತರ ಜೊತೆ ಮಾತಾಡುವುದಿಲ್ಲವಲ್ಲ ಅಂತ ಕೇಳುತ್ತಾಳೆ. ಅವರಿಗೆಲ್ಲ ಕೆಲಸ ಇರುತ್ತೆ ಕಣವ್ವ ಅನ್ನುತ್ತಾನೆ. ಅವಳು ಅವನ ಕಾಲುಗಳನ್ನು ಎತ್ತಿ, ಮಡಿಚಿ, ಮತ್ತೆ ಚಾಚಿ, ಡಾಕ್ಟರು ಹೇಳಿಕೊಟ್ಟ ಹಾಗೆ ಉಜ್ಜುತ್ತಾ ಕೂರುತ್ತಾಳೆ.