ಹಲ್ಲಿನಿಂದ ಕೇಳುತ್ತಿದ್ದ ಮೇಸ್ತ್ರಿ

ಅವರ ಸ್ಕ್ರೂಡ್ರೈವರಿನ ಮರದ ಹಿಡಿಕೆಯ ಮೇಲೆ ಹಲ್ಲಿನ ಗುರುತುಗಳಿದ್ದವು. ಒಂದೆರಡಲ್ಲ, ವರ್ಷಗಟ್ಟಲೆ ಒಂದೇ ಜಾಗದಲ್ಲಿ ಕಚ್ಚಿ ಕಚ್ಚಿ ಬಿದ್ದ ಎರಡು ಸಾಲು ಗುಣಿಗಳು. ಮೊಳದುದ್ದದ ಆ ಸ್ಕ್ರೂಡ್ರೈವರಿನ ಕಬ್ಬಿಣದ ತುದಿಯನ್ನು ತಿರುಗುವ ಯಂತ್ರದ ಬೇರಿಂಗಿನ ಮೇಲಿಟ್ಟು, ಹಿಡಿಕೆಯನ್ನು ಹಲ್ಲಲ್ಲಿ ಕಚ್ಚಿ, ಕಣ್ಣು ಮುಚ್ಚಿ ನಿಂತರೆಂದರೆ ಮೇಸ್ತ್ರಿ ಈ ಲೋಕದಲ್ಲಿ ಇರುತ್ತಿರಲಿಲ್ಲ. ಆಮೇಲೆ ಹಿಡಿಕೆಯನ್ನು ಅಂಗಿಗೆ ಒರೆಸಿ, "ಇದಕ್ಕ ಗ್ರೀಸ್ ಸಾಕು" ಎಂದೋ, "ಇದು ಇನ್ನ ಹದಿನೈದು ದಿವಸದ ಗಿರಾಕಿ" ಎಂದೋ ಹೇಳುತ್ತಿದ್ದರು. ಹದಿನೈದು ಅಂದರೆ ಹದಿನಾರನೆಯ ದಿನ ಅದು ಉಳಿಯುತ್ತಿರಲಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ಹತ್ತಿಯ ಬೀಜ ಬಿಡಿಸುವ ಬಳ್ಳಾರಿಯ ಒಂದು ಜಿನ್ನಿಂಗ್ ಕಾರ್ಖಾನೆಯಲ್ಲಿ ಅವರು ಹಿರಿಯ ಫಿಟ್ಟರ್, ನಾನು ಅವರ ಕೈಕೆಳಗೆ ತರಬೇತಿಗೆ ಸೇರಿದವನು. ಅವರು ಕುರುಗೋಡಿನಿಂದ ಮೊದಲ ಬಸ್ಸಿಗೆ ಬರುತ್ತಿದ್ದರು. ನನಗೆ ಇಪ್ಪತ್ತನಾಲ್ಕು ತುಂಬಿತ್ತು, ಹೊಸದಾಗಿ ಮದುವೆಯಾಗಿತ್ತು. ಬ್ರೂಸ್‌ಪೇಟೆಯಲ್ಲಿ ನಾನು ಅಚ್ಚು ಜೋಡಿಸುತ್ತಿದ್ದ ಪ್ರೆಸ್ಸು ಬಾಗಿಲು ಹಾಕಿಕೊಂಡಿತ್ತು. ಇಪ್ಪತ್ತೈದು ದಾಟಿದವರನ್ನು ತರಬೇತಿಗೆ ತೆಗೆದುಕೊಳ್ಳುತ್ತಿರಲಿಲ್ಲ. ಎರಡು ವರ್ಷ ಕಲಿತು, ಕೊನೆಗೆ ಸರ್ಕಾರದ ಪರೀಕ್ಷೆ ಪಾಸಾದರೆ ಫಿಟ್ಟರ್, ಇಲ್ಲದಿದ್ದರೆ ಹಮಾಲಿ. ಬಣ್ಣ ಹಚ್ಚಿ ಹೇಳುತ್ತಿಲ್ಲ, ನನಗೆ ಉಳಿದಿದ್ದದ್ದು ಅದೊಂದೇ ಬಾಗಿಲು. ರಾತ್ರಿ ನಿದ್ದೆಯಲ್ಲೂ ಹಲ್ಲು ಕಡಿಯುತ್ತಿದ್ದೆನಂತೆ.

ಸೇರಿದ ತಿಂಗಳಲ್ಲೇ ಅವರ ಗುಟ್ಟು ನನಗೆ ಗೊತ್ತಾಯಿತು. ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಸೊಕ್ಕು ಅಂದುಕೊಂಡಿದ್ದೆ. ಒಂದು ಮಧ್ಯಾಹ್ನ ರೊಟ್ಟಿ ತಿಂದು ಕೂತಾಗ ಅವರೇ ಸ್ಕ್ರೂಡ್ರೈವರ್ ಕಚ್ಚಿ, ಅದರ ತುದಿಯನ್ನು ನನ್ನ ಗಂಟಲಿಗೆ ಒತ್ತಿ, ಮಾತಾಡು ಎಂದು ಸನ್ನೆ ಮಾಡಿದರು. ಏನು ಮಾತಾಡಲಿ? ನನ್ನ ಹೆಸರು, ಓಣಿಯ ಹೆಸರು ಹೇಳಿದೆ.

"ಬೇರಿಂಗ್ ಚಲೋ ಐತಿ," ಎಂದು ನಕ್ಕರು. "ಲೇ, ನನಗ ಕಿವಿ ಹೋಗಿ ಆರು ವರ್ಷ ಆತು. ಈ ಜಿನ್ನಿನ ಗದ್ದಲ ತಿಂದುಬಿಟ್ಟೈತಿ. ಹಲ್ಲಿನಾಗ ಕೇಳತೀನಿ, ಕಣ್ಣಿನಾಗ ಓದತೀನಿ. ಮ್ಯಾನೇಜರಗ ಗೊತ್ತಾದ್ರ ನಾಳೆ ಮನಿಗೆ ಕಳಸತಾನ. ನೀ ಬಾಯಿ ಬಿಡಬ್ಯಾಡ."

ಬಿಡಲಿಲ್ಲ. ಕಾರ್ಖಾನೆಯೊಳಗೆ ಕಿವಿ ನೆಟ್ಟಗಿದ್ದವರಿಗೂ ಏನೂ ಕೇಳುತ್ತಿರಲಿಲ್ಲವಾದ್ದರಿಂದ ಎಲ್ಲರೂ ತುಟಿ ನೋಡಿಯೇ ಮಾತಾಡುತ್ತಿದ್ದರು. ಅವರ ಗುಟ್ಟು ನಡೆದುಹೋಗುತ್ತಿತ್ತು. ಆದರೆ ನನಗೆ ಒಂದು ಕಟ್ಟುಪಾಡು ಹಾಕಿದ್ದರು. ನಮ್ಮ ಮನೆಮಾತು ತೆಲುಗು, ಅಜ್ಜನ ಕಾಲಕ್ಕೆ ಆದೋನಿ ಕಡೆಯಿಂದ ಬಂದವರು. ಬಳ್ಳಾರಿಯಲ್ಲಿ ಯಾರು ಯಾವ ಮಾತನ್ನು ಎಲ್ಲಿ ಶುರುಮಾಡಿ ಎಲ್ಲಿ ಮುಗಿಸುತ್ತಾರೆಂದು ಯಾರೂ ಲೆಕ್ಕ ಇಡುವುದಿಲ್ಲ. ಮೇಸ್ತ್ರಿ ಇಡುತ್ತಿದ್ದರು.

"ಮಷಿನ್ ಮುಂದ ಎರಡ ಮಾತು," ಎನ್ನುತ್ತಿದ್ದರು. "ಕೆಲಸ ಮುಗದು ಕೈ ಹೊರಗ ಬಂದ ಮ್ಯಾಲೆ 'ಆತು' ಅನ್ನು, ನಾ ಹತೋಟಿ ತಳ್ಳಿ ಮಷಿನ್ ಚಾಲೂ ಮಾಡತೀನಿ. ಬ್ಯಾಡಾದ್ರ 'ನಿಂದ್ರಸು' ಅನ್ನು. ಮೂರನೇ ಮಾತು ಇಲ್ಲ. ನಿನ್ನ ತೆಲುಗು ಗೇಟಿನಾಗ ಬಿಟ್ಟು ಬಾ."

ತಮಾಷೆಗೆ ಅನ್ನುತ್ತಿದ್ದಾರೆಂದು ನಾನು ಮೊದಮೊದಲು ನಗುತ್ತಿದ್ದೆ.

ಪರೀಕ್ಷೆಗೆ ಐದು ತಿಂಗಳಿತ್ತು. ಮೂರನೆಯ ಜಿನ್ ಯಂತ್ರವನ್ನು ನಿಲ್ಲಿಸಿ ಅದರ ಹಲ್ಲುಗಾಲಿಯ ನಟ್ಟು ಬಿಗಿ ಮಾಡುತ್ತಿದ್ದೆ. ಬಲಗೈ ಒಳಗಿತ್ತು, ಎಣ್ಣೆ ಒರೆಸುವ ಬಟ್ಟೆಯೂ ಅದೇ ಕೈಯಲ್ಲಿ. ತಲೆಯ ಮೇಲೆ ಪಟ್ಟಾ ತನ್ನಷ್ಟಕ್ಕೆ ಖಾಲಿ ಗಾಲಿಯ ಮೇಲೆ ಓಡುತ್ತಿತ್ತು; ಹತೋಟಿ ತಳ್ಳಿದರೆ ಅದು ಜಿನ್ನಿನ ಗಾಲಿಗೆ ಸರಿದು ಯಂತ್ರ ತಿರುಗುತ್ತದೆ. ಮೇಸ್ತ್ರಿ ಆ ಕಡೆ, ನನ್ನ ಕೈ ಕಾಣದ ಜಾಗದಲ್ಲಿ, ಹತೋಟಿಗೆ ಕೈಯಿಟ್ಟು ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು. ಪಟ್ಟಾ ಯಾಕೋ ಒಂದಿಷ್ಟು ಸರಿಯಿತು. ಹಲ್ಲುಗಾಲಿ ಕಾಲು ಸುತ್ತು ಹೊರಳಿ ನನ್ನ ಬಟ್ಟೆಯನ್ನು ಕಚ್ಚಿಕೊಂಡಿತು. ಆಗ ನಾನು ಕೂಗಿದ್ದು ನನ್ನ ತಾಯಿಯ ಮಾತಿನಲ್ಲಿ. "ಆಗು, ಆಗು" ಎಂದು ಕೂಗಿದೆ. ತೆಲುಗಿನಲ್ಲಿ ಹಾಗೆಂದರೆ ನಿಲ್ಲು, ನಿಲ್ಲು.

ಮೇಸ್ತ್ರಿ ತಲೆಯಾಡಿಸಿ ಹತೋಟಿಯನ್ನು ಪೂರ್ತಿ ತಳ್ಳಿದರು.

ತೋರುಬೆರಳು, ನಡುಬೆರಳು ಹೋದವು. ಅವರೇ ಪಟ್ಟಾ ಕಿತ್ತೆಸೆದು, ತಮ್ಮ ಧೋತರ ಹರಿದು ಕೈ ಸುತ್ತಿ, ಜಟಕಾದಲ್ಲಿ ಆಸ್ಪತ್ರೆಗೆ ಒಯ್ದರು. ದಾರಿಯುದ್ದಕ್ಕೂ ನನ್ನ ತುಟಿಯನ್ನು ನೋಡುತ್ತಿದ್ದರು. ನಾನು ಹಲ್ಲು ಕಚ್ಚಿಕೊಂಡಿದ್ದೆ.

ಮೂರನೆಯ ದಿನ ಮ್ಯಾನೇಜರು ಬಂದರು. ಮೇಸ್ತ್ರಿ ಹಾಸಿಗೆಯ ಕಾಲ ಬಳಿ ನಿಂತಿದ್ದರು. ಮ್ಯಾನೇಜರು ಕೆಟ್ಟವರಲ್ಲ, ಸೋಸಿ ಮಾತಾಡುವವರು.

"ನೋಡಪ್ಪ, ನಿನ್ನ ತಪ್ಪಿನಿಂದ ಆಗಿದ್ರ ನಿನ್ನ ತರಬೇತಿ ಇಲ್ಲಿಗೆ ಮುಗೀತು. ಮೇಸ್ತ್ರಿ ತಪ್ಪಾಗಿದ್ರ ನಿನ್ನ ಉಳಿಸಿಕೊಂತೀವಿ, ಪರೀಕ್ಷಾಕ್ಕೂ ಕಳಸತೀವಿ. ಅವತ್ತು ನೀನು ಏನಂತ ಕೂಗಿದಿ?"

ಏಳು ತಿಂಗಳ ಬಸುರಿಯಾಗಿದ್ದ ನನ್ನ ಹೆಂಡತಿ ಗೋಡೆಗೆ ಒರಗಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಆ ಕೈಯನ್ನು ನೋಡಿದೆ. ಮೂರನೆಯ ಮಾತು ಆಡಿದ್ದೆ ಎಂದು ಹೇಳಿದರೆ ಎಲ್ಲ ಮುಗಿಯಿತು.

"ನಿಂದ್ರಸು ಅಂದೆ," ಎಂದೆ.

ಮೇಸ್ತ್ರಿ ನನ್ನ ತುಟಿಯನ್ನು ಓದಿದರು. ಅವರ ಮುಖದಲ್ಲಿ ಸಿಟ್ಟು ಬರಲಿಲ್ಲ. ಬಂದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಹೆದರಿಕೆ ಬಂತು. ಕಣ್ಣನ್ನು ಎರಡು ಸಲ ಉಜ್ಜಿಕೊಂಡರು.

"ನಿಂದ್ರಸು ಅಂದೇನು?" ಎಂದು ನನ್ನನ್ನೇ ಕೇಳಿದರು. "ನನಗ ಆತು ಅಂದಂಗ ಕಂಡಿತು." ಆಮೇಲೆ ಮ್ಯಾನೇಜರ ಕಡೆ ತಿರುಗಿ, "ನನಗ ಕಿವಿ ಕೇಳಂಗಿಲ್ರಿ. ಈಗ ಕಣ್ಣೂ ಸುಳ್ಳು ಹೇಳಾಕ ಹತ್ಯಾವ. ನಾ ಮಷಿನ್ ಹತ್ರ ಇರಬಾರದ್ರಿ," ಎಂದರು.

ಅವತ್ತೇ ಕೆಲಸ ಬಿಟ್ಟರು. ಯಾರೂ ಕಳಿಸಬೇಕಾಗಲಿಲ್ಲ.

ಗಾಯ ಮಾಯುವ ಹೊತ್ತಿಗೆ ಅವರು ಹೇಳಿಕಳಿಸಿದ ಮಾತು ಬಂತು: ಐತವಾರ ಕುರುಗೋಡಿಗೆ ಬಾ. ಹೋದೆ. ಹಿತ್ತಲಿನ ಬೇವಿನ ಬೊಡ್ಡೆಗೆ ಕಬ್ಬಿಣದ ತುಂಡನ್ನು ಕಚ್ಚಿ ಹಿಡಿಯುವ ಒಂದು ವೈಸು ಬಿಗಿದು ಇಟ್ಟಿದ್ದರು. ಪರೀಕ್ಷೆಯಲ್ಲಿ ಕಬ್ಬಿಣದ ತುಂಡನ್ನು ಅರದಿಂದ ಉಜ್ಜಿ, ಒಂದರೊಳಗೊಂದು ಬೆಳಕು ನುಸುಳದಂತೆ ಕೂರಿಸಬೇಕು. ಬಲಗೈಗೆ ಅದು ಇನ್ನು ಆಗದ ಮಾತು. "ಎಡಗೈಲೆ ಅರ ಹಿಡಿ," ಎಂದರು. "ಬಲಗೈ ಬರೇ ತುದಿ ಒತ್ತಲಿ. ಹೊಸದಾಗಿ ಕಲಿ."

ಹದಿನೇಳು ಐತವಾರ. ಬಿಸಿಲಿಗೆ ವೈಸು ಮುಟ್ಟಿದರೆ ಚುರುಕ್ಕೆನ್ನುತ್ತಿತ್ತು. ಮೇಸ್ತ್ರಿ ಕುಂಡೆ ಊರಿ ಕೂತು, ಗದ್ದಕ್ಕೆ ಕೈಕೊಟ್ಟು ನೋಡುತ್ತಿದ್ದರು. "ಅರ ಮೂಲಿ ತಿಂತು." "ಮೈ ತೂಗಬ್ಯಾಡ, ತೊಟ್ಟಿಲ ಅಲ್ಲ ಅದು." "ಮತ್ತ ಹಾಳು ಮಾಡಿದಿ, ಬ್ಯಾರೆ ತುಂಡು ತಗೋ." ಆದರೆ ಅರವನ್ನು ಒಮ್ಮೆಯೂ ಕೈಯಲ್ಲಿ ಹಿಡಿದು ತೋರಿಸಲಿಲ್ಲ. ಒಂದು ದಿನ ತಾಳಲಾರದೆ, "ನೀವ ಒಂದ ಸಲ ತೋರಸ್ರಿ," ಎಂದು ಅರ ಮುಂದೆ ಹಿಡಿದೆ. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ನಾ ಮುಟ್ಟಂಗಿಲ್ಲ," ಎಂದರು. "ಈ ಕೈ ಯಾರ ಮಾತು ಕೇಳಿ ಏನು ಮಾಡತೈತೋ ನನಗ ಗೊತ್ತಿಲ್ಲ."

ಅವರ ಮನೆಗೆ ಹೊಂದಿಕೊಂಡೇ ಹಿಟ್ಟಿನ ಗಿರಣಿಯಿತ್ತು. ಗಿರಣಿಯವನು ಬೇರಿಂಗ್ ನೋಡಿಕೊಡಿ ಎಂದು ಎಷ್ಟು ಸಲ ಕೈಮುಗಿದರೂ ಇವರು ಅತ್ತ ಹಾಯಲಿಲ್ಲ. ಸ್ಕ್ರೂಡ್ರೈವರ್ ಗೋಡೆಯ ಮಾಡಿನಲ್ಲಿ ದೂಳು ತಿನ್ನುತ್ತಿತ್ತು. ಪ್ರತಿ ಐತವಾರ ಬಸ್ಸಿನಲ್ಲಿ ಬರುವಾಗ ಇವತ್ತು ಹೇಳಿಬಿಡುತ್ತೇನೆ ಅಂದುಕೊಳ್ಳುತ್ತಿದ್ದೆ. ಹೋಗುವಾಗ ಪರೀಕ್ಷೆ ಮುಗಿಯಲಿ ಅಂದುಕೊಳ್ಳುತ್ತಿದ್ದೆ. ಹೇಳಿದರೆ ಕಲಿಸುವುದನ್ನು ಬಿಟ್ಟಾರು ಎಂಬ ಭಯ. ಥೂ, ನನ್ನಂಥವನನ್ನು ಏನೆಂದು ಕರೆಯಬೇಕು?

ಪಾಸಾದೆ. ಬಳ್ಳಾರಿಯಿಂದ ಪೇಢೆ ಕಟ್ಟಿಸಿಕೊಂಡು ಹೋದೆ. ಅವರು ನನ್ನ ಎಡಗೈ ಹಿಡಿದು, ಅಂಗೈಯ ಜಡ್ಡನ್ನು ಹೆಬ್ಬೆರಳಿನಿಂದ ಸವರಿ ನೋಡಿದರು. "ನಾ ನಿನಗ ಕೊಡಬೇಕಾಗಿದ್ದು ಇಷ್ಟರ ಕೊಟ್ಟೆ," ಎಂದರು. ಅವರ ಲೆಕ್ಕದಲ್ಲಿ ಅಪರಾಧಿ ಅವರು. ಆ ಮಾತು ಕೇಳಿದ ಮೇಲೆ ನಾನು ಆ ಮನೆಗೆ ಹೋಗುವುದನ್ನೇ ಬಿಟ್ಟೆ. ಕಾರ್ಖಾನೆಯಲ್ಲಿ ಅವರ ಜಾಗದಲ್ಲಿ ನಿಂತೆ. ಆಮೇಲೆ ಸಿರುಗುಪ್ಪದ ಒಂದು ಅಕ್ಕಿ ಗಿರಣಿಗೆ ಹಿರಿಯ ಫಿಟ್ಟರಾಗಿ ಹೋದೆ. ಮಗಳು ಶಾಲೆಗೆ ಹೋಗತೊಡಗಿದಳು. ಜನ ನನ್ನನ್ನೂ ಮೇಸ್ತ್ರಿ ಅಂದರು. ಒಂಬತ್ತು ವರ್ಷ ಹೀಗೆ ನಡೆಯಿತು.

ಅವರ ಹೆಂಡತಿ ಯಾರ ಕೈಲೋ ಬರೆಸಿದ ಕಾರ್ಡು ಬಂತು: ಕೂಳು ಬಿಟ್ಟಿದ್ದಾರೆ, ಬಂದು ಹೋಗು.

ಹೊರಸಿನ ಮೇಲೆ ಕೂತಿದ್ದರು. ಎಲುಬು, ತೊಗಲು. ಕಣ್ಣಿಗೆ ಪೊರೆ ಬಂದಿರಲಿಲ್ಲ, ನನ್ನನ್ನು ಬಾಗಿಲಲ್ಲೇ ಗುರುತು ಹಿಡಿದರು. ನಾನು ನೆಟ್ಟಗೆ ಮಾಡಿಗೆ ಹೋಗಿ ಸ್ಕ್ರೂಡ್ರೈವರ್ ತೆಗೆದು ಒರೆಸಿದೆ. ಬೇಡ ಎಂದು ಕೈಯಾಡಿಸಿದರು. ಬಿಡಲಿಲ್ಲ. ಅವರ ಬಾಯಲ್ಲಿ ಉಳಿದ ನಾಲ್ಕು ಹಲ್ಲಿನ ನಡುವೆ ಹಿಡಿಕೆ ಇಟ್ಟು, ಕಬ್ಬಿಣದ ತುದಿಯನ್ನು ನನ್ನ ಗಂಟಲಿಗೆ ಒತ್ತಿಕೊಂಡೆ.

"ಅವತ್ತು ನಾ ನಿಂದ್ರಸು ಅನ್ನಲಿಲ್ಲ. ಆಗು ಅಂದೆ. ತೆಲುಗಿನ ಆಗು. ಮ್ಯಾನೇಜರ ಮುಂದ ಸುಳ್ಳು ಹೇಳಿದೆ."

ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಹಿಡಿಕೆಯನ್ನು ಬಾಯಿಂದ ತೆಗೆದು ಅಂಗಿಗೆ ಒರೆಸಿದರು. ನನ್ನ ಮುಖವನ್ನು ಬೆಳಕಿನ ಕಡೆ ತಿರುಗಿಸಿದರು.

"ಅನ್ನು. ಅದೊಂದ ಮಾತು ಅನ್ನು."

"ಆಗು."

"ಈಗ ಆತು ಅನ್ನು."

"ಆತು."

ಮತ್ತೆ ಅನ್ನಿಸಿದರು. ಅದಲು ಬದಲು ಮಾಡಿ ಹತ್ತು ಸಲ ಅನ್ನಿಸಿರಬೇಕು. ನನ್ನ ಕಣ್ಣೀರು ಬಾಯಿಗಿಳಿಯುತ್ತಿತ್ತು, ಅವರಿಗೆ ಅದರ ಖಬರಿಲ್ಲ, ತುಟಿಯನ್ನಷ್ಟೇ ನೋಡುತ್ತಿದ್ದರು.

"ಎರಡೂ ಒಂದ ಕಾಣತಾವು," ಎಂದರು. "ಹಂಗಾದ್ರ ನನ್ನ ಕಣ್ಣು ಸರಿ ಇದ್ದುವು."

ಬೈಯಲಿಲ್ಲ. ಹೊರಸಿನ ಮೇಲೆ ಹೊರಳಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು. "ಒಂಬತ್ತು ವರ್ಷ ಆತಲ್ಲೋ," ಎಂದದ್ದು ಗೋಡೆಗೆ. ನಾನು ಕಾಲು ಹಿಡಿದೆ. ಕಾಲು ಎಳೆದುಕೊಳ್ಳಲೂ ಇಲ್ಲ, ಏಳು ಅನ್ನಲೂ ಇಲ್ಲ. ಕೊನೆಯ ಬಸ್ಸಿಗೆ ಹೊರಟುಬಂದೆ.

ಹನ್ನೆರಡನೆಯ ದಿನ ತೀರಿಕೊಂಡರು. ಮಣ್ಣು ಮುಗಿದ ಮೇಲೆ ಅವರ ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದರು.

"ನೀ ಹೋದ ಮರುದಿವಸ ಗಿರಣಿಗೆ ಕರಕೊಂಡು ಹೋಗು ಅಂದ್ರು. ನನ್ನ ಹೆಗಲ ಹಿಡಕೊಂಡು ಹೋಗಿ ಸ್ಕ್ರೂಡ್ರೈವರ್ ಕಚ್ಚಿ ನಿಂತ್ರು. ದಿನಾ ಹೋದ್ರು. ಗಂಜಿ ಕುಡದ್ರು. ಎಡಗಡಿ ಬೇರಿಂಗ್ ಸತ್ತೈತಿ ಅಂತ ಗಿರಣಿಯವಗ ಬೈದು, ಕೂತು ತಾವ ಬಿಚ್ಚಿದ್ರು."

ಹನ್ನೊಂದು ದಿನ. ಒಂಬತ್ತು ವರ್ಷದಲ್ಲಿ ನಾನು ಅವರಿಗೆ ಹಿಂದಕ್ಕೆ ಕೊಟ್ಟದ್ದು ಅಷ್ಟು.

ಅವರ ಹೆಂಡತಿ ಸೆರಗಿನೊಳಗಿಂದ ಸ್ಕ್ರೂಡ್ರೈವರ್ ತೆಗೆದು ನನ್ನ ಮುಂದೆ ಹಿಡಿದರು.

"ನಿನಗ ಕೊಡು ಅಂತ ಅವರು ಹೇಳಿಲ್ಲಪ್ಪ," ಎಂದರು. "ಕೊಡಬ್ಯಾಡ ಅಂತಾನೂ ಹೇಳಿಲ್ಲ. ತಗೊಂಡು ಹೋಗು."

ಎಡಗೈ ಚಾಚಿ ತೆಗೆದುಕೊಂಡೆ.