ಮಗು ಮರೆಯಲೆಂದು ಮನೆ ಬಿಟ್ಟೆ

ದತ್ತು ಮಕ್ಕಳನ್ನು ಕರೆದುಕೊಂಡು ಹೋಗಲು ಹೊರದೇಶದಿಂದ ಬರುವವರು ನಂಜನಗೂಡಿನ ನಮ್ಮ ಮನೆಯ ಮಹಡಿಯಲ್ಲಿ ಉಳಿಯಲು ಶುರುಮಾಡಿ ಕೆಲವು ವರ್ಷವಾಯಿತು. ಮಕ್ಕಳ ಆಶ್ರಮದಲ್ಲಿ ಕೆಲಸ ಮಾಡುವ ಹುಡುಗಿ ನಮ್ಮ ಬೀದಿಯವಳೇ. "ಲಾಡ್ಜಲ್ಲಿ ಮಗು ಹೆದರ್ತದೆ ಆಂಟಿ. ಅಡುಗೆಮನೆ ಇರೋ ಜಾಗ ಬೇಕು. ಕಾಗದಪತ್ರ ಮುಗಿಯೋ ತನಕ ಅಷ್ಟೇ" ಎಂದು ಅವಳು ಕೇಳಿದಾಗ ಯಜಮಾನರು ಒಪ್ಪಿದರು. ಸೊಳ್ಳೆಪರದೆ, ಕಾಯಿಸಿ ಆರಿಸಿದ ನೀರು, ಖಾರವಿಲ್ಲದ ಸಾರು ನನ್ನ ಪಾಲಿಗೆ. ಪರದೇಶದವರು ಮನೆಯಲ್ಲಿದ್ದಾರೆಂದು ಪೊಲೀಸರಿಗೆ ತಿಳಿಸುವ ಅರ್ಜಿ ಯಜಮಾನರ ಪಾಲಿಗೆ.

ಹೋದ ವರ್ಷ ಬಂದವರು ಇಟಲಿಯ ಗಂಡ ಹೆಂಡತಿ. ಮಗು ಹೆಣ್ಣು, ಮೂರು ವರ್ಷದ್ದು. ಅದನ್ನು ಕರೆತಂದ ದಿನ ಆಶ್ರಮದ ಹುಡುಗಿ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು: "ಉಣ್ಸೋದು, ಎತ್ಕೊಳೋದು, ಮಲಗ್ಸೋದು ಎಲ್ಲ ಅವರೇ ಮಾಡ್ಲಿ. ನೀವು ಕೈ ಹಾಕ್ಬೇಡಿ ಆಂಟಿ. ಅವರ ಕೈಗೆ ಅದು ಒಗ್ಬೇಕು."

ತಲೆಯಾಡಿಸಿದೆ. ಮಾರನೆಯ ದಿನವೇ ತಪ್ಪಿದೆ.

ಮಧ್ಯಾಹ್ನ ಶುರುವಾದ ಅಳು ದೀಪ ಹಚ್ಚುವ ಹೊತ್ತಾದರೂ ನಿಲ್ಲಲಿಲ್ಲ. ಹಸಿದ ಮಗುವಿನ ಅಳು ಕೇಳಿಕೊಂಡು ದೇವರಿಗೆ ಹೂವೇರಿಸುವುದು ಎಂಥ ಪೂಜೆ ಅನಿಸಿ, ಮೊಸರನ್ನ ಕಿವುಚಿಕೊಂಡು ಮಹಡಿ ಹತ್ತಿದೆ. ಇಟಲಿಯಾಕೆ ತಟ್ಟೆ ಹಿಡಿದು ಸೋತ ಮುಖದಲ್ಲಿ ಕೂತಿದ್ದಳು. ಮಗು ಓಡಿಬಂದು ನನ್ನ ಸೆರಗು ಹಿಡಿದು "ಅಜ್ಜಿ, ಅನ್ನ" ಎಂದಿತು. ತಿಂದು ನನ್ನ ತೊಡೆಯ ಮೇಲೆಯೇ ನಿದ್ದೆಹೋಯಿತು. ಆಕೆ ನನಗೆ ಕೈಮುಗಿದು, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು.

ಅಲ್ಲಿಂದ ಮುಂದೆ ಮಗು ಆಕೆಯ ಕೈಯಿಂದ ಏನನ್ನೂ ತಿನ್ನದೆ, ಮೆಟ್ಟಿಲ ಮೇಲೆ ಕೂತು "ಅಜ್ಜಿ" ಎಂದು ಕೂಗತೊಡಗಿತು. ವಿಮಾನಕ್ಕೆ ಒಂಬತ್ತೇ ದಿನವಿತ್ತು. ನನ್ನನ್ನು ನೆಚ್ಚಿಕೊಂಡ ಮಗುವನ್ನು ಅವರು ಅಷ್ಟು ದೂರ ಹೇಗೆ ಕರೆದೊಯ್ಯಬೇಕು? ನಾನು ಮಾಡಿದ್ದು ಪುಣ್ಯವೋ ಪಾಪವೋ ತಿಳಿಯದಾಯಿತು.

"ಬಾಗಿಲು ಹಾಕ್ಕೊಂಡು ಒಳಗೇ ಇದ್ಬುಡು" ಎಂದರು ಯಜಮಾನರು.

"ಅದು ಕೂಗಿದ್ರೆ ನಾನು ಒಳಗಿರ್ತೀನಾ? ನನ್ ಬುದ್ಧಿ ನಂಗೊತ್ತಿಲ್ವಾ?"

ಎರಡು ಸೀರೆ ಚೀಲಕ್ಕೆ ಹಾಕಿಕೊಂಡು ಟಿ. ನರಸೀಪುರದ ಬಸ್ಸು ಹತ್ತಿದೆ. ಅಲ್ಲಿ ನನ್ನ ಅಕ್ಕನ ಮನೆ.

"ಈ ವಯಸ್ನಲ್ಲಿ ಗಂಡನ್ ಕೂಡ ಜಗಳ ಆಡ್ಕೊಂಡ್ ಬಂದ್ಯೇನೇ?" ಎಂದಳು ಅಕ್ಕ.

"ಗಂಡನ್ ಕೂಡ ಆಗಿದ್ರೆ ಚೆನ್ನಾಗಿತ್ತು ಕಣಕ್ಕ" ಎಂದು ನಡೆದದ್ದು ಹೇಳಿದೆ.

"ಹೆತ್ತೋಳಲ್ಲ, ಸಾಕೋಳಲ್ಲ, ಮಧ್ಯದಲ್ಲಿ ನಿಂದೇನೇ? ಬಾ, ಅವರೆಕಾಯಿ ಸುಲಿ."

ದಿನಾ ಬೆಳಿಗ್ಗೆ ಸಂಗಮಕ್ಕೆ ಹೋಗಿ ಮುಳುಗೆದ್ದು, ಆ ಮಗು ನನ್ನನ್ನು ಮರೆಯಲಿ ಎಂದು ಬೇಡಿದೆ. ನನ್ನನ್ನು ಯಾರಾದರೂ ಮರೆಯಲಿ ಎಂದು ಬೇಡಿದ್ದು ಅದೇ ಮೊದಲು. ಮೊದಲನೆಯ ದಿನ ಯಜಮಾನರು ಫೋನಿನಲ್ಲಿ, "ಮೆಟ್ಲಿಂದ ಏಳ್ತಾನೇ ಇಲ್ಲ" ಎಂದರು. ಎರಡನೆಯ ದಿನ, "ಅವರಪ್ಪನ ಕೈಯಿಂದ ಒಂದು ಬಿಸ್ಕತ್ತು ತಕ್ಕೊಂತು." ಅಷ್ಟಕ್ಕೇ ಸಂಗಮದ ದಡದ ಗುಡಿಯ ಸ್ವಾಮಿಗೆ ಅಡ್ಡಬಿದ್ದೆ.

ಮೂರನೆಯ ದಿನ ಮಧ್ಯಾಹ್ನ ಯಜಮಾನರೇ ಫೋನ್ ಮಾಡಿದರು. "ಆಯಮ್ಮ ಇವತ್ತು ತಾನೂ ಮೆಟ್ಲ ಮೇಲೆ ಕೂತ್ಕೊಂಡ್ಲು. ಚಮಚ ಬಿಟ್ಟು ಕೈಯಲ್ಲೇ ಸಾರನ್ನ ಕಲಸ್ಕೊಂಡು ತಿನ್ನಕ್ಕೋದ್ಲು. ಅರ್ಧ ಮಡಿಲಿಗೆ ಬಿತ್ತು. ಮಗು ನಕ್ಬುಡ್ತು. ನಕ್ಕು ಬಾಯಿ ತೆಗೀತು."

"ಆಕೆ ಕೈಯಿಂದ್ಲೇ ತಿಂತಾ?"

"ತಿಂತು. ಈಗ ಆಯಮ್ಮನ ಮಗ್ಗುಲಲ್ಲೇ ಮಲ್ಕೊಂಡದೆ."

"ನನ್ನ ಕೇಳ್ತಾ?"

"ಇವತ್ತು ಕೇಳ್ಲಿಲ್ಲ ಕಣೇ" ಎಂದರು.

ಮನಸ್ಸು ತಡೆಯದೆ, ಸಂಜೆಯ ಬಸ್ಸಿಗೆ ಹೊರಡೋಣವೆಂದು ಬೆಳಿಗ್ಗೆಯೇ ಸೀರೆ ಮಡಿಸಿ ಚೀಲಕ್ಕೆ ಹಾಕಿದ್ದೆ. ಅದನ್ನು ಹೊರತೆಗೆದು ಮತ್ತೆ ಹಗ್ಗದ ಮೇಲೆ ಹಾಕಿದೆ. ನನ್ನ ಮುಖ ಕಂಡರೆ ಮಗು ಮತ್ತೆ ಕೂಗೀತೆಂದು, ಇಟಲಿಯವರು ಅದನ್ನು ಕರೆದುಕೊಂಡು ವಿಮಾನ ಹತ್ತುವವರೆಗೂ ನರಸೀಪುರದಲ್ಲೇ ಉಳಿದೆ.